ಉಪ್ಪು ಕಡೆಗೆ

ಮೆಂತೆ ಪಚಡಿಗೆ ಉಪ್ಪು ಬೀಳಬೇಕಾದದ್ದು ರೊಟ್ಟಿ ತಾಟಿಗೆ ಬಂದ ಮೇಲೆ. ಮೊದಲೇ ಹಾಕಿದರೆ ಅದು ಎಲೆಯೊಳಗಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ತಪ್ಪಲು ಬಾಡಿ, ಶೇಂಗಾ ಪುಡಿ ಕೆಸರಾಗಿ, ತಳದಲ್ಲಿ ಕಹಿ ನೀರು ನಿಲ್ಲುತ್ತದೆ. ಮದುವೆ ಊಟಗಳಲ್ಲಿ ಪಚಡಿ ಕೆಡುವುದು ಇಲ್ಲೇ. ತಾಸುಗಟ್ಟಲೆ ಮೊದಲೇ ಕಲಸಿಟ್ಟಿರುತ್ತಾರೆ. ಕೋಲ್‌ಸ್ಲಾನ ಎಲೆಕೋಸು ಗಟ್ಟಿ ಜೀವ, ಮಯೊನೀಸ್‌ನಲ್ಲಿ ತಾಸೆರಡು ತಾಸು ತಾಳುತ್ತದೆ. ಮೆಂತೆಗೆ ಆ ತಾಳಿಕೆ ಇಲ್ಲ.

ತಪ್ಪಲಕ್ಕೆ ನಾನು ನೆಚ್ಚುವುದು ಬೆಂಗೇರಿಯ ಶನಿವಾರದ ಸಂತೆಯನ್ನು. ಬೇರಿಗಂಟಿದ ಎರಿ ಮಣ್ಣು ಇನ್ನೂ ಹಸಿ ಇದ್ದರೆ ಆ ಸಿವುಡು ಕಣ್ಣುಮುಚ್ಚಿ ಕೊಳ್ಳಿರಿ. ಎಲೆ ಸಣ್ಣದಿರಲಿ, ದಂಟು ಉಗುರಿಗೆ ಚಟ್ಟನೆ ಮುರಿಯಲಿ. ಹೂ ಬಿಟ್ಟ ಮೆಂತೆ ಪಲ್ಯಕ್ಕೆ ಸರಿ; ಹಸಿಯಾಗಿ ತಿನ್ನಲು ನಾರು, ಕಹಿ ಎರಡೂ ಹೆಚ್ಚು. ಚಳಿಗಾಲದಲ್ಲಿ ಹಕ್ಕರಕಿ ಕಂಡರಂತೂ ಬಿಡಬೇಡಿ. ಹಿಂಗಾರಿ ಹೊಲದಲ್ಲಿ ಬಿತ್ತದೆಯೂ ಏಳುವ ಈ ಸೊಪ್ಪು ಲೆಟ್ಯೂಸ್‌ನ ದಾಯಾದಿ. ಮುರಿದರೆ ಅದರಂತೆಯೇ ಹಾಲು ಒಸರುತ್ತದೆ. ರುಚಿಯಲ್ಲಿ ಮಾತ್ರ, ನನ್ನ ಮಟ್ಟಿಗೆ, ಪೇಟೆಯ ಯಾವ ಲೆಟ್ಯೂಸೂ ಇದರ ಹತ್ತಿರ ಸುಳಿಯದು.

ತಪ್ಪಲನ್ನು ಅಗಲ ಪಾತ್ರೆಯ ತುಂಬ ನೀರಿನಲ್ಲಿ ಅದ್ದಿ, ಮಣ್ಣು ತಳಕ್ಕಿಳಿದ ಮೇಲೆ ಕೈಯಿಂದ ಎತ್ತಿ ತೆಗೆಯಬೇಕು. ಪಾತ್ರೆ ಬಗ್ಗಿಸಿದರೆ ಮಣ್ಣೆಲ್ಲ ಮತ್ತೆ ಎಲೆಗೇ. ಆಮೇಲೆ ಖಾದಿ ಬಟ್ಟೆಯ ಮೇಲೆ ಹರವಿರಿ, ನೀರನ್ನು ಚೆನ್ನಾಗಿ ಹೀರುತ್ತದೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯಲ್ಲಿ ಖಾದಿಗೇನು ಬರ! ಒದ್ದೆ ಎಲೆಗೆ ಪುಡಿ ಮುದ್ದೆಗಟ್ಟುತ್ತದೆ, ಹಾಗಾಗಿ ಇಲ್ಲಿ ಅವಸರ ಬೇಡ.

ಎರಡು ಸಿವುಡಿಗೆ ಒಂದು ಉಳ್ಳಾಗಡ್ಡಿ, ಒಂದು ಗಜ್ಜರಿ, ಬೀಜ ತೆಗೆದ ಅರ್ಧ ಸವತಿಕಾಯಿ. ಇವನ್ನು ಸಣ್ಣಗೆ ಹೆಚ್ಚಿ, ಮೂರು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿ, ಒಂದಿಷ್ಟು ಖಾರ, ಎರಡು ಚಮಚ ಹಸಿ ಎಣ್ಣೆ ಹಾಕಿ ಮೊದಲು ಕಲಸಿಕೊಳ್ಳಿ. ಎಣ್ಣೆಯೂ ಎಲೆಯನ್ನು ಬೇಗ ಕುಗ್ಗಿಸುವಂಥದ್ದೇ, ಆದ್ದರಿಂದ ಮೆಂತೆ ಸೇರಬೇಕಾದದ್ದು ಆಮೇಲೆ. ಹೆಚ್ಚುವ ಇಳಿಗಿ ಹರಿತ ಇರಲೇಬೇಕು. ಮೊಂಡಾದರೆ ಎಲೆ ಜಜ್ಜಿ ಕಪ್ಪಾಗುತ್ತದೆ. ಕೆಲವರು ಬಿಸಿ ಒಗ್ಗರಣೆ ಸುರಿಯುತ್ತಾರೆ. ನನಗದು ಒಪ್ಪಿಗೆಯಿಲ್ಲ, ಅರ್ಧ ಬೆಂದ ತಪ್ಪಲು ಅತ್ತ ಪಚಡಿಯೂ ಅಲ್ಲ, ಇತ್ತ ಪಲ್ಯವೂ ಅಲ್ಲ. ಮೊಸರು ಬೇಕೆನ್ನುವವರು ತಾಟಿನಲ್ಲೇ ಹಾಕಿಕೊಳ್ಳಲಿ.

ಈಗ ಉಪ್ಪು, ಎರಡೇ ಸಲ ಕೈಯಾಡಿಸುವುದು, ಬಿಸಿ ಜೋಳದ ರೊಟ್ಟಿ. ಉಳಿದದ್ದನ್ನು ರಾತ್ರಿಗೆ ಇಡಬೇಡಿ; ಜೋಳದ ಹಿಟ್ಟಿಗೆ ಕಲಸಿ ಸಂಜೆಗೇ ತಾಲಿಪಟ್ಟಿ ತಟ್ಟಿರಿ.