ಉತ್ತರ ಕೊಡಲು ಏಳು ಪಂದ್ಯ

ಉತ್ತರ ಅಮೆರಿಕದ ಎರಡು ದೊಡ್ಡ ಲೀಗ್‌ಗಳು, ಬಾಸ್ಕೆಟ್‌ಬಾಲ್‌ನ ಎನ್‌ಬಿಎ ಮತ್ತು ಐಸ್ ಹಾಕಿಯ ಎನ್‌ಎಚ್‌ಎಲ್, ಏಪ್ರಿಲ್‌ನಿಂದ ಜೂನ್‌ವರೆಗೆ ಒಂದೇ ಬಗೆಯ ಪರೀಕ್ಷೆಗೆ ಇಳಿಯುತ್ತವೆ. ಎರಡರಲ್ಲೂ ತಂಡಗಳು ಅಷ್ಟರೊಳಗೆ 82 ಲೀಗ್ ಪಂದ್ಯಗಳನ್ನು ಆಡಿ ದಣಿದಿರುತ್ತವೆ. ಎರಡರಲ್ಲೂ ಪ್ಲೇಆಫ್‌ನ ಮೊದಲ ಸುತ್ತಿಗೆ ಉಳಿಯುವುದು 16 ತಂಡ. ಒಟ್ಟು ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿಯೊಂದಿಗೆ ಹೆಚ್ಚೆಂದರೆ ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಪ್ರಶಸ್ತಿ ಬೇಕೆಂದರೆ ಹೀಗೆ 16 ಬಾರಿ ಗೆಲ್ಲಬೇಕು.

ಏಳು ಪಂದ್ಯಗಳ ಸರಣಿ ಯಾಕೆ ಒಳ್ಳೆಯದು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಒಂದು ದಿನದ ಅದೃಷ್ಟ ಇಲ್ಲಿ ನಡೆಯುವುದಿಲ್ಲ, ನಿಜಕ್ಕೂ ಮೇಲಾದ ತಂಡವೇ ಗೆಲ್ಲುತ್ತದೆ. ಎರಡೂ ಆಟಗಳನ್ನು ವರ್ಷಗಳಿಂದ ಪ್ರೀತಿಯಿಂದ ನೋಡಿದ ಮೇಲೆ ನನಗೆ ಈ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಸರಣಿಯ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಸೋತ ತಂಡಕ್ಕೆ ಅದೇ ಎದುರಾಳಿಯ ಮುಂದೆ, ಒಂದೆರಡು ದಿನಗಳಲ್ಲೇ, ಉತ್ತರ ಕೊಡುವ ಹಕ್ಕನ್ನು ಅದು ಕೊಡುತ್ತದೆ. ಈ ಹಕ್ಕನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಎರಡೂ ಪ್ಲೇಆಫ್‌ಗಳ ಗುಣವೂ ಕಾಣುತ್ತದೆ, ದೋಷವೂ ಕಾಣುತ್ತದೆ.

ಆ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಗಳಿಸಿದರು. ಫೈನಲ್ ಇದ್ದದ್ದು ನಮ್ಮದೇ ಚಿನ್ನಸ್ವಾಮಿಯಲ್ಲಿ. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ ನೂರು ದಾಟಿಸಿದ ಮೇಲೂ ಆರ್‌ಸಿಬಿ ಎಂಟು ರನ್‌ಗಳಿಂದ ಸೋತಿತು. ಆ ಎಂಟು ರನ್‌ಗೆ ಮಾರನೆಯ ದಿನ ಉತ್ತರ ಕೊಡುವ ದಾರಿ ಇರಲಿಲ್ಲ. ಕಪ್ ಕೈಗೆ ಬರಲು 2025ರವರೆಗೆ ಕಾಯಬೇಕಾಯಿತು. ಅದೇ ಎದುರಾಳಿಯೊಂದಿಗೆ ಇನ್ನೊಂದು ಸಂಜೆ ಸಿಕ್ಕಿದ್ದರೆ ತಂಡ ಏನು ಬದಲಾಯಿಸುತ್ತಿತ್ತು ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಏಳು ಪಂದ್ಯಗಳ ಸರಣಿಯಲ್ಲಿ ಇಂಥ ಪ್ರಶ್ನೆಗೆ ಮೈದಾನದಲ್ಲೇ ಉತ್ತರ ಸಿಗುತ್ತದೆ. 2015ರ ಎನ್‌ಬಿಎ ಫೈನಲ್ಸ್ ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ. ಕ್ಲೀವ್‌ಲ್ಯಾಂಡ್ ವಿರುದ್ಧ ಗೋಲ್ಡನ್ ಸ್ಟೇಟ್ ವಾರಿಯರ್ಸ್ 1–2ರಿಂದ ಹಿಂದಿತ್ತು. ಕೋಚ್ ಸ್ಟೀವ್ ಕರ್ ಅವರ ಕಿರಿಯ ಸಹಾಯಕ ನಿಕ್ ಯುರೆನ್ ಹಿಂದಿನ ವರ್ಷದ ಫೈನಲ್ಸ್‌ನ ವಿಡಿಯೊಗಳನ್ನು ನೋಡುತ್ತ ಕೂತಿದ್ದರು. ಅಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ನಡುವೆಯೇ ಆರಂಭಿಕ ಐವರನ್ನು ಬದಲಿಸಿ ಸರಣಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಿತ್ತು. ಯುರೆನ್ ಕೊಟ್ಟ ಸಲಹೆಯಂತೆ ಕರ್ ನಾಲ್ಕನೇ ಪಂದ್ಯಕ್ಕೆ ಏಳು ಅಡಿ ಎತ್ತರದ ಆಂಡ್ರೂ ಬೋಗಟ್ ಅವರನ್ನು ಬೆಂಚಿಗೆ ಕಳಿಸಿ ಆಂಡ್ರೆ ಇಗುಡಾಲ ಅವರನ್ನು ಆರಂಭದಲ್ಲೇ ಇಳಿಸಿದರು. ಇಗುಡಾಲ ಆ ಋತುವಿನಲ್ಲಿ ಅಲ್ಲಿಯವರೆಗೆ ಒಂದು ಪಂದ್ಯದಲ್ಲೂ ಆರಂಭಿಕ ಐವರಲ್ಲಿ ಇರಲಿಲ್ಲ. ಎತ್ತರ ಕಡಿಮೆಯಾಯಿತು, ವೇಗ ಏರಿತು, ವಾರಿಯರ್ಸ್ 103–82ರಿಂದ ಗೆದ್ದಿತು. ಐದನೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ತಾನೂ ತನ್ನ ಎತ್ತರದ ಆಟಗಾರ ಟಿಮೊಫೆ ಮೊಜ್ಗೊವ್ ಅವರನ್ನು ಹೆಚ್ಚು ಹೊತ್ತು ಹೊರಗೇ ಕೂರಿಸಿ ಮರುತ್ತರಕ್ಕೆ ಯತ್ನಿಸಿತು. ಅದು ಫಲಿಸಲಿಲ್ಲ. ವಾರಿಯರ್ಸ್ ಸತತ ಮೂರು ಗೆದ್ದು ಪ್ರಶಸ್ತಿ ಪಡೆಯಿತು, ಫೈನಲ್ಸ್‌ನ ಅತ್ಯುತ್ತಮ ಆಟಗಾರ ಇಗುಡಾಲ ಆದರು.

ಒಳ್ಳೆಯ ತಾಳಮದ್ದಳೆಯಲ್ಲಿ ಅರ್ಥಧಾರಿ ತಾನು ಕಲಿತುಬಂದದ್ದನ್ನಷ್ಟೇ ಒಪ್ಪಿಸಿದರೆ ಪ್ರಸಂಗ ಏರುವುದಿಲ್ಲ. ಎದುರಿನವನ ಮಾತನ್ನು ಹಿಡಿದು, ಅದರೊಳಗಿನ ಸಡಿಲನ್ನು ಕಂಡು ಉತ್ತರಿಸಿದಾಗಲೇ ರಸ ಹುಟ್ಟುತ್ತದೆ. ಪ್ಲೇಆಫ್ ಸರಣಿ ಚೆನ್ನಾಗಿ ನಡೆದಾಗ ಆಗುವುದೂ ಇದೇ. ಲೀಗ್ ಹಂತದಲ್ಲಿ ಇವತ್ತು ಒಂದು ಊರು, ನಾಳೆ ಇನ್ನೊಂದು. ಯಾರನ್ನೂ ಅರಿಯುವಷ್ಟು ಸಮಯವಿಲ್ಲ. ಪ್ಲೇಆಫ್‌ನಲ್ಲಿ ಎರಡು ವಾರ ಒಬ್ಬನೇ ಎದುರಾಳಿ. ಮೊದಲ ಪಂದ್ಯದಲ್ಲಿ ಫಲಿಸಿದ ತಂತ್ರ ಮೂರನೆಯದರಲ್ಲಿ ಫಲಿಸುವುದಿಲ್ಲ. ಐದನೆಯದರ ಹೊತ್ತಿಗೆ ಇಬ್ಬರ ಬಳಿಯೂ ಮುಚ್ಚಿಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆದರೆ ಒಂದೇ ನಿಯಮ ಎರಡು ಆಟಗಳಲ್ಲಿ ಒಂದೇ ಫಲ ಕೊಡುವುದಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಪ್ರತಿ ತಂಡಕ್ಕೂ ಸುಮಾರು ನೂರು ಬಾರಿ ಚೆಂಡು ಸಿಗುತ್ತದೆ. ಕಣದಲ್ಲಿರುವುದು ಐವರು. ಮುಖ್ಯ ಆಟಗಾರ 48 ನಿಮಿಷಗಳಲ್ಲಿ ಸುಮಾರು 40 ನಿಮಿಷ ಆಡಬಲ್ಲ. ಇಷ್ಟು ಅವಕಾಶಗಳ ನಡುವೆ ಅದೃಷ್ಟ ಕರಗಿಹೋಗುತ್ತದೆ. ಹಾಗಾಗಿಯೇ ಎನ್‌ಬಿಎಯಲ್ಲಿ 0–3ರಿಂದ ಹಿಂದೆ ಬಿದ್ದ ಯಾವ ತಂಡವೂ 2025ರವರೆಗೆ ಸರಣಿ ಗೆದ್ದಿಲ್ಲ, ಆ ಸ್ಥಿತಿಗೆ ಬಂದ ತಂಡಗಳು 150ಕ್ಕೂ ಹೆಚ್ಚು. ಎಂಟನೇ ಶ್ರೇಯಾಂಕದ ತಂಡ ಅಲ್ಲಿ ಎಂದೂ ಚಾಂಪಿಯನ್ ಆಗಿಲ್ಲ. 1995ರ ಹ್ಯೂಸ್ಟನ್ ರಾಕೆಟ್ಸ್‌ನ ಆರನೇ ಶ್ರೇಯಾಂಕವೇ ಅತಿ ಕೆಳಗಿನದು.

ಐಸ್ ಹಾಕಿಯಲ್ಲಿ ಲೆಕ್ಕವೇ ಬೇರೆ. ತಂಡವೊಂದು ಗೋಲಿನತ್ತ ಸುಮಾರು 30 ಹೊಡೆತ ಹೊಡೆದರೆ ಒಳಗೆ ಹೋಗುವುದು ಮೂರು. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಎಷ್ಟೇ ದೊಡ್ಡ ಫಾರ್ವರ್ಡ್ ಆದರೂ 60 ನಿಮಿಷಗಳಲ್ಲಿ 20–22 ನಿಮಿಷವಷ್ಟೇ ಮಂಜಿನ ಮೇಲಿರುತ್ತಾನೆ. ಪೂರ್ತಿ ಹೊತ್ತು ನಿಲ್ಲುವುದು ಗೋಲ್‌ಕೀಪರ್ ಒಬ್ಬನೇ. ಅವನು ಎರಡು ವಾರ ಅದ್ಭುತವಾಗಿ ಆಡಿಬಿಟ್ಟರೆ 82 ಪಂದ್ಯಗಳ ಪಟ್ಟಿ ತಲೆಕೆಳಗಾಗುತ್ತದೆ. 2012ರಲ್ಲಿ ಎಂಟನೇ ಶ್ರೇಯಾಂಕದ ಲಾಸ್ ಏಂಜಲೀಸ್ ಕಿಂಗ್ಸ್ ಗೋಲ್‌ಕೀಪರ್ ಜೊನಾಥನ್ ಕ್ವಿಕ್ ಬಲದಿಂದ ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. 2023ರಲ್ಲಿ ಬಾಸ್ಟನ್ ಬ್ರೂಯಿನ್ಸ್ 65 ಗೆಲುವು, 135 ಅಂಕಗಳ ದಾಖಲೆ ಬರೆದು ಬಂದು, ಮೊದಲ ಸುತ್ತಿನಲ್ಲೇ 3–1ರ ಮುನ್ನಡೆ ಕಳೆದುಕೊಂಡು ಫ್ಲೋರಿಡಾ ಪ್ಯಾಂಥರ್ಸ್‌ಗೆ ಸೋತಿತು. ಶ್ರೇಷ್ಠ ತಂಡವನ್ನು ಆರಿಸುವುದೇ ಸರಣಿಯ ಗುರಿಯಾಗಿದ್ದರೆ ಹಾಕಿಯ ಪ್ಲೇಆಫ್ ಒಂದು ಸೋಲು ಎಂದೇ ಬರೆಯಬೇಕಾಗುತ್ತದೆ.

ಉತ್ತರದ ಹಕ್ಕಿನ ದೃಷ್ಟಿಯಿಂದ ನೋಡಿದರೆ ಅದೇ ಹಾಕಿ ಮೇಲೇರುತ್ತದೆ. 0–3ರಿಂದ ಎದ್ದು ಬಂದು ಗೆದ್ದ ತಂಡಗಳು ಅಲ್ಲಿ ನಾಲ್ಕಿವೆ: 1942ರ ಟೊರಾಂಟೊ, 1975ರ ನ್ಯೂಯಾರ್ಕ್ ಐಲ್ಯಾಂಡರ್ಸ್, 2010ರ ಫಿಲಡೆಲ್ಫಿಯಾ, 2014ರ ಲಾಸ್ ಏಂಜಲೀಸ್. ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ತವರಿನ ಕೋಚ್‌ಗೆ ಇರುತ್ತದೆ. ಎದುರಾಳಿ ಯಾರನ್ನು ಇಳಿಸಿದ ಎಂದು ನೋಡಿ, ಅವನಿಗೆ ತಕ್ಕ ಕಾವಲುಗಾರನನ್ನು ಆರಿಸಬಹುದು. ಸರಣಿ ಊರು ಬದಲಿಸಿದಾಗ ಆ ಹಕ್ಕೂ ಕೈ ಬದಲಿಸುತ್ತದೆ. ಇದು ತವರಿನ ಚಪ್ಪಾಳೆಗಿಂತ ದೊಡ್ಡ ಅನುಕೂಲ.

ಹಾಕಿಯ ಓವರ್‌ಟೈಮ್ ಅಂತೂ ಕ್ರೀಡಾಲೋಕದ ಅತ್ಯಂತ ಪ್ರಾಮಾಣಿಕ ನಿಯಮಗಳಲ್ಲೊಂದು. ಲೀಗ್ ಹಂತದಲ್ಲಿ ಪಂದ್ಯ ಸಮವಾದರೆ ಮೂವರ ವಿರುದ್ಧ ಮೂವರು ಐದು ನಿಮಿಷ ಆಡುತ್ತಾರೆ, ಆಗಲೂ ತೀರ್ಮಾನವಾಗದಿದ್ದರೆ ಶೂಟೌಟ್. ಪ್ಲೇಆಫ್‌ನಲ್ಲಿ ಆ ಅಡ್ಡದಾರಿ ಇಲ್ಲ. ಐವರ ವಿರುದ್ಧ ಐವರು, 20 ನಿಮಿಷದ ಪೂರ್ತಿ ಅವಧಿಗಳು, ಯಾರಾದರೂ ಗೋಲು ಹೊಡೆಯುವವರೆಗೆ. 1936ರಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪಂದ್ಯ ಮುಗಿದದ್ದು ಆರನೇ ಓವರ್‌ಟೈಮ್‌ನಲ್ಲಿ. ಯಾವ ಆಟದಿಂದ ಪಂದ್ಯ ಶುರುವಾಯಿತೋ ಅದೇ ಆಟದಿಂದ ಅದು ಮುಗಿಯಬೇಕು ಎಂಬ ಹಟವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಕೆಲವೊಮ್ಮೆ ಉತ್ತರ ಒಂದು ವರ್ಷ ತಡವಾಗಿ ಬರುತ್ತದೆ. 2019ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ಲೀಗ್‌ನಲ್ಲಿ 62 ಪಂದ್ಯ ಗೆದ್ದು, ಮೊದಲ ಸುತ್ತಿನಲ್ಲಿ ಕೊಲಂಬಸ್‌ಗೆ ನಾಲ್ಕಕ್ಕೆ ನಾಲ್ಕೂ ಸೋತಿತು. ಕೋಚ್ ಜಾನ್ ಕೂಪರ್ ಅವರನ್ನು ತಂಡ ಕೈಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಕಾಲದ ಖಾಲಿ ಕ್ರೀಡಾಂಗಣದಲ್ಲಿ, ಮೊದಲ ಸುತ್ತಿನಲ್ಲಿ ಎದುರಾದದ್ದು ಮತ್ತೆ ಅದೇ ಕೊಲಂಬಸ್. ಮೊದಲ ಪಂದ್ಯವೇ ಐದು ಓವರ್‌ಟೈಮ್ ಎಳೆಯಿತು. ಕೊಲಂಬಸ್ ಗೋಲ್‌ಕೀಪರ್ ಯೋನಾಸ್ ಕೊರ್ಪಿಸಾಲೊ 85 ಹೊಡೆತ ತಡೆದು ದಾಖಲೆ ಬರೆದರು. ಕೊನೆಗೂ ಬ್ರೇಡನ್ ಪಾಯಿಂಟ್ ಗೋಲು ಹೊಡೆದರು. ಆ ವರ್ಷದ ಕಪ್ ಟ್ಯಾಂಪಾದ್ದು, ಮರುವರ್ಷದ್ದೂ ಟ್ಯಾಂಪಾದ್ದೇ.

ಈಚಿನ ವರ್ಷಗಳಲ್ಲಿ ಏಳು ಪಂದ್ಯಗಳ ಪೂರ್ಣ ಸೊಗಸು ಕಂಡದ್ದು 2024ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ. ಫ್ಲೋರಿಡಾ ಮೊದಲ ಮೂರನ್ನೂ ಗೆದ್ದಿತ್ತು. ಎಡ್ಮಂಟನ್ ಆಯಿಲರ್ಸ್ ನಾಲ್ಕನೆಯದನ್ನು 8–1ರಿಂದ, ಐದನೆಯದನ್ನು 5–3ರಿಂದ, ಆರನೆಯದನ್ನು 5–1ರಿಂದ ಗೆದ್ದಿತು. ಕಾನರ್ ಮೆಕ್‌ಡೇವಿಡ್ ನಾಲ್ಕು ಮತ್ತು ಐದನೇ ಪಂದ್ಯಗಳಲ್ಲಿ ತಲಾ ನಾಲ್ಕು ಗೋಲುಗಳಲ್ಲಿ ಪಾಲುಗೊಂಡರು. ಏಳನೇ ಪಂದ್ಯದಲ್ಲಿ ಫ್ಲೋರಿಡಾ ಅವರ ದಾರಿ ಮುಚ್ಚಿ 2–1ರಿಂದ ಗೆದ್ದಿತು. ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿ ಸೋತ ತಂಡದ ಮೆಕ್‌ಡೇವಿಡ್‌ಗೆ ಹೋಯಿತು. ಗೆದ್ದ ತಂಡ ಮತ್ತು ಮಿಗಿಲಾದ ಆಟಗಾರ ಬೇರೆ ಬೇರೆ ಕಡೆ ಇರಬಹುದು ಎಂಬುದನ್ನು ಎಲ್ಲರೆದುರು ಒಪ್ಪಿಕೊಂಡ ಆ ತೀರ್ಪು ನನಗೆ ಬಹಳ ಹಿಡಿಸಿತು.

ಇಷ್ಟು ಮೆಚ್ಚಿದ ಮೇಲೆ ನೋವಿನ ಸಂಗತಿಗೆ ಬರಲೇಬೇಕು. ಉತ್ತರ ಕೊಡುವ ಹಕ್ಕನ್ನು ಕಿತ್ತುಕೊಳ್ಳುವುದು ಗಾಯ. ಅದನ್ನು ನಿಭಾಯಿಸುವುದರಲ್ಲಿ ಎರಡೂ ಲೀಗ್‌ಗಳು ಎಡವಿವೆ. ಎನ್‌ಬಿಎಯಲ್ಲಿ ಯಾರಿಗೆ ಏನಾಗಿದೆ ಎಂಬ ಅಧಿಕೃತ ವರದಿಯಾದರೂ ಬರುತ್ತದೆ. ಹಾಕಿಯಲ್ಲಿ ದೇಹದ ಮೇಲ್ಭಾಗದ ಗಾಯ, ಕೆಳಭಾಗದ ಗಾಯ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಎದುರಾಳಿ ನೋವಿರುವ ಜಾಗಕ್ಕೇ ಹೊಡೆದಾನು ಎಂಬುದು ಅವರ ಸಮರ್ಥನೆ. 2013ರ ಫೈನಲ್‌ನ ಆರನೇ ಪಂದ್ಯವನ್ನು ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜರಾನ್ ಮುರಿದ ಪಕ್ಕೆಲುಬು ಇಟ್ಟುಕೊಂಡೇ ಆಡಿದರು. ಶ್ವಾಸಕೋಶಕ್ಕೆ ತೂತು ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಈ ಕಥೆಯನ್ನು ಹಾಕಿ ಜಗತ್ತು ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ. ಬರ್ಜರಾನ್ ಅವರ ಧೈರ್ಯದ ಬಗ್ಗೆ ನನಗೂ ಗೌರವವಿದೆ. ಅಂಥ ಸ್ಥಿತಿಯಲ್ಲಿ ಮನುಷ್ಯನೊಬ್ಬನನ್ನು ಕಣಕ್ಕೆ ಬಿಟ್ಟ ವ್ಯವಸ್ಥೆಯ ಬಗ್ಗೆ ಇಲ್ಲ.

ಬಾಸ್ಕೆಟ್‌ಬಾಲ್‌ಗೂ ಇಂಥದೇ ಪುರಾಣವಿದೆ. 1970ರ ಫೈನಲ್‌ನ ಏಳನೇ ಪಂದ್ಯಕ್ಕೆ ನ್ಯೂಯಾರ್ಕ್‌ನ ವಿಲ್ಲಿಸ್ ರೀಡ್ ಕುಂಟುತ್ತ ಬಂದು ತಂಡದ ಮೊದಲ ಎರಡು ಬುಟ್ಟಿಗಳನ್ನು ಹಾಕಿದರು, ತಂಡ ಗೆದ್ದಿತು. ಆ ಸಂಜೆಯ ನೆರಳು 55 ವರ್ಷಗಳ ನಂತರವೂ ಸರಿದಿಲ್ಲ. 2025ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ, 0.3 ಸೆಕೆಂಡ್ ಉಳಿದಿರುವಾಗ ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಚೆಂಡು ಹಾಕಿ ಒಕ್ಲಹೋಮ ಸಿಟಿಯನ್ನು ಸೋಲಿಸಿದರು. ಆ ಪಂದ್ಯದಲ್ಲಿ ಇಂಡಿಯಾನಾ ಮುನ್ನಡೆ ಕಂಡದ್ದು ಆಗ ಮಾತ್ರ. ಐದನೇ ಪಂದ್ಯದಲ್ಲಿ ಅವರ ಮೀನಖಂಡಕ್ಕೆ ಪೆಟ್ಟಾಯಿತು. ಆದರೂ ಆರನೆಯದಕ್ಕೆ ಇಳಿದರು, ತಂಡ ಸರಣಿಯನ್ನು 3–3 ಮಾಡಿತು. ಏಳನೆಯದರ ಮೊದಲ ಭಾಗದಲ್ಲೇ ಒಂಬತ್ತು ಅಂಕ ಗಳಿಸಿ ಚೆನ್ನಾಗಿ ಆಡುತ್ತಿದ್ದಾಗ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದು ಕುಸಿದರು. ಅದೇ ಪ್ಲೇಆಫ್‌ನಲ್ಲಿ ಡೇಮಿಯನ್ ಲಿಲ್ಲರ್ಡ್ ಮತ್ತು ಜೇಸನ್ ಟೇಟಮ್ ಅವರಿಗೂ ಅದೇ ಗಾಯವಾಗಿತ್ತು. ಮತ್ತೆ ಅವಕಾಶ ಬಂದರೂ ಆಡುತ್ತೇನೆ ಎಂದು ಹ್ಯಾಲಿಬರ್ಟನ್ ನಂತರ ಬರೆದರು. ಅವರು ಹಾಗೆ ಹೇಳುವುದು ಸಹಜ. ಜೀವಮಾನದ ಕನಸು ಎದುರಿಗಿರುವಾಗ ಯಾವ ಆಟಗಾರನೂ ತಾನಾಗಿ ಹಿಂದೆ ಸರಿಯುವುದಿಲ್ಲ. ಆ ನಿರ್ಧಾರವನ್ನು ಅವನ ಹೆಗಲಿಗೆ ಬಿಡಬಾರದು ಎನ್ನುವುದಕ್ಕೆ ಇದೇ ಕಾರಣ.

ಪರಿಹಾರ ಕಷ್ಟದ್ದೇನಲ್ಲ. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಲೀಗ್ ನೇಮಿಸಿದ ವೀಕ್ಷಕರು ಆಟಗಾರನನ್ನು ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಹಾಕಿಯಲ್ಲಿ ಈಗಾಗಲೇ ಇದೆ. ಪ್ಲೇಆಫ್‌ನಲ್ಲಿ ಪಕ್ಕೆಲುಬಿಗೂ ಮೀನಖಂಡಕ್ಕೂ ಅದೇ ಎಚ್ಚರ ಬೇಕು. ಕೊನೆಯ ಮಾತು ತಂಡದ ಸಂಬಳ ಪಡೆಯದ ವೈದ್ಯರದ್ದಾಗಬೇಕು. ಎರಡನೆಯದು, ಲೀಗ್ ಹಂತ ಚಿಕ್ಕದಾಗಬೇಕು. ಎರಡು ತಿಂಗಳ ಪ್ಲೇಆಫ್‌ಗೆ ಮುಂಚೆ 82 ಪಂದ್ಯ ಹೆಚ್ಚೇ. ಎನ್‌ಎಚ್‌ಎಲ್ ಇದಕ್ಕೆ ಎದುರು ದಿಕ್ಕಿನಲ್ಲಿ ಹೊರಟಿದೆ: ಅಭ್ಯಾಸ ಪಂದ್ಯಗಳನ್ನು ಕಡಿತ ಮಾಡಿ, 2026–27ರಿಂದ ಲೀಗ್ ಪಂದ್ಯಗಳನ್ನು 84ಕ್ಕೆ ಏರಿಸಲು 2025ರಲ್ಲಿ ಆಟಗಾರರ ಸಂಘದೊಂದಿಗೆ ಒಪ್ಪಂದವಾಯಿತು. ಟಿಕೆಟ್ ಮತ್ತು ಟಿವಿ ಹಣ ಹೆಚ್ಚಬಹುದು. ಆದರೆ ಏಪ್ರಿಲ್‌ಗೆ ಬರುವ ದೇಹಗಳು ಇನ್ನಷ್ಟು ಸವೆದಿರುತ್ತವೆ, ಸವೆದ ದೇಹದಿಂದ ಒಳ್ಳೆಯ ಉತ್ತರ ಬರುವುದಿಲ್ಲ.

ಏಳು ಪಂದ್ಯಗಳನ್ನು ಮಾತ್ರ ಯಾರೂ ಮುಟ್ಟಬಾರದು. ಅದು ಬಾಸ್ಕೆಟ್‌ಬಾಲ್‌ನಲ್ಲಿ ಬುದ್ಧಿಗೆ, ಹಾಕಿಯಲ್ಲಿ ಛಲಕ್ಕೆ ಸಮಯ ಕೊಡುತ್ತದೆ. ಹಾಕಿ ಸರಣಿ ಮುಗಿದಾಗ ಎರಡೂ ತಂಡಗಳು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಕುಲುಕುವ ಸಂಪ್ರದಾಯ ನನಗೆ ನಾಟಕವೆಂದು ಎಂದೂ ಅನ್ನಿಸಿಲ್ಲ. ಎರಡು ವಾರ ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ಓದಿದವರ ನಡುವೆ ಗೌರವ ಹುಟ್ಟಲೇಬೇಕು.

ಉಳಿದ ಕೆಲಸ ಅಭಿಮಾನಿಗಳದ್ದು. ರೀಡ್ ಕುಂಟುತ್ತ ಬಂದಾಗ ಎದ್ದು ಚಪ್ಪಾಳೆ ಹೊಡೆದದ್ದು ನಮ್ಮಂಥವರೇ, ಬರ್ಜರಾನ್ ಕಥೆಯನ್ನು ವೀರಗಾಥೆ ಮಾಡಿದ್ದೂ ನಾವೇ. ನೋವು ಮುಚ್ಚಿಟ್ಟು ಆಡಿದವನೇ ದೊಡ್ಡವನು ಎಂದು ನಾವು ಹೇಳುತ್ತಿರುವವರೆಗೆ ಮುಂದಿನ ಹುಡುಗನೂ ಮುಚ್ಚಿಡುತ್ತಾನೆ. ಆಟ ಬಿಟ್ಟು ಹೊರಗೆ ಕೂತ ಗಾಯಾಳುವನ್ನೂ ಅಷ್ಟೇ ಗೌರವದಿಂದ ಕಾಣಲು ಕಲಿತರೆ, ಅವನು ಮುಂದಿನ ವರ್ಷ ಅದೇ ಎದುರಾಳಿಗೆ ಉತ್ತರ ಕೊಡಲು ಗಟ್ಟಿಯಾಗಿ ಬರುತ್ತಾನೆ. ಟ್ಯಾಂಪಾ ತಂಡಕ್ಕೆ ಒಂದು ವರ್ಷ ಕಾದ ತಾಳ್ಮೆಯನ್ನು ಒಬ್ಬ ಆಟಗಾರನ ಕಾಲಿಗೂ ತೋರಿಸಬೇಕು.