‘ಸ್ವಾಮಿ’ಯ ಬಾಲ್ಯ: ಮೂರು ತಲೆಮಾರುಗಳ ಓದು



‘ನಮ್ಮ ಕಾಲದಲ್ಲಿ ಮಕ್ಕಳನ್ನು ಹೀಗೆ ಬೆಳೆಸುತ್ತಿರಲಿಲ್ಲ’ ಎಂಬ ಮಾತನ್ನು ಆಡದ ಹಿರಿಯರು ವಿರಳ. ಹೊಳೆಯಲ್ಲಿ ಈಜಿದೆವು, ಮರ ಹತ್ತಿದೆವು, ಮೇಷ್ಟರ ಬೆತ್ತದ ರುಚಿ ಕಂಡೆವು, ಆದರೂ ಬದುಕಿ ಬಾಳಿದೆವು ಎಂಬುದು ಈ ಮಾತಿನ ವಿಸ್ತಾರ. ಇದಕ್ಕೆ ಸಾಕ್ಷಿ ಬೇಕೆಂದಾಗ ವಿದ್ಯಾವಂತರು ಬೊಟ್ಟುಮಾಡುವ ಕೃತಿಯೊಂದಿದೆ: ಆರ್. ಕೆ. ನಾರಾಯಣರು ಬರೆದು 1935ರಲ್ಲಿ ಪ್ರಕಟವಾದ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕಾದಂಬರಿ. ಇಂಗ್ಲಿಷಿನಲ್ಲಿ ಬರೆದರೂ ನಾರಾಯಣರು ಮೈಸೂರಿನವರೇ ಆಗಿ ಬಾಳಿದವರು. ಅವರ ತಂದೆ ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. 1980ರ ದಶಕದಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದಾಗಿ ಸ್ವಾಮಿ ಎಂಬ ಹುಡುಗ ನಮ್ಮ ಮನೆಮನೆಯ ಹುಡುಗನೇ ಆದನು.

ಆ ಧಾರಾವಾಹಿಯನ್ನು ನಾನು ಅಂದು ನನ್ನ ಮಗನೊಡನೆ ನೆರೆಮನೆಯ ದೂರದರ್ಶನದಲ್ಲಿ ನೋಡಿದ್ದೆ. ಕಳೆದ ಬೇಸಿಗೆಯಲ್ಲಿ ಅದನ್ನೇ ಮೊಮ್ಮಗನೊಡನೆ ಮತ್ತೊಮ್ಮೆ ನೋಡುವ ಸಂದರ್ಭ ಒದಗಿತು. ಸ್ವಾಮಿ ಶಾಲೆಯಿಂದ ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪುವ ಭಾಗ ಬಂದಾಗ ಅಂದು ನನ್ನ ಮಗ ಕೇಳಿದ್ದು, ‘ಆ ಕಾಡಿನಲ್ಲಿ ಹುಲಿ ಇತ್ತೇ?’ ಎಂದು. ಮೊಮ್ಮಗ ಕೇಳಿದ್ದು ಬೇರೆ: ‘ಅವನು ಮನೆಗೆ ಏಕೆ ಹೋಗಲಿಲ್ಲ?’ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಕಪಾಟಿನಿಂದ ಮೂಲ ಕೃತಿಯನ್ನು ತೆಗೆದು ಮತ್ತೆ ಓದಿದೆನು. ಆ ಮರು ಓದಿನಲ್ಲಿ ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಸ್ವಾಮಿ ಹತ್ತು ವರ್ಷದ ಬಾಲಕ. ಸರಯೂ ನದಿಯ ದಂಡೆಯಲ್ಲಿ ಸಂಜೆ ಕಪ್ಪಾಗುವವರೆಗೆ ಗೆಳೆಯರೊಡನೆ ಅಲೆಯುತ್ತಾನೆ. ಅವನೆಲ್ಲಿದ್ದಾನೆಂದು ಗಳಿಗೆಗೊಮ್ಮೆ ವಿಚಾರಿಸುವವರಿಲ್ಲ. ಮೇಲುನೋಟಕ್ಕೆ ಇದು ಸ್ವಚ್ಛಂದ ಬಾಲ್ಯವೇ ಸರಿ. ಆದರೆ ಕಥೆಯ ಸರಪಳಿಯನ್ನು ಗಮನಿಸಿರಿ. 1930ರ ಚಳವಳಿಯ ಹರತಾಳದಂದು ಸ್ವಾಮಿ ಗುಂಪಿನೊಡನೆ ಸೇರಿ ಶಾಲೆಯ ಗಾಜು ಒಡೆಯುತ್ತಾನೆ. ಮರುದಿನ ಮುಖ್ಯೋಪಾಧ್ಯಾಯರ ಬೆತ್ತಕ್ಕೆ ಗುರಿಯಾಗಿ ಆ ಶಾಲೆಯನ್ನು ಬಿಡುತ್ತಾನೆ. ಎರಡನೆಯ ಶಾಲೆಯಲ್ಲಿ ಕ್ರಿಕೆಟ್ ಅಭ್ಯಾಸಕ್ಕಾಗಿ ಡ್ರಿಲ್ ತರಗತಿಗಳನ್ನು ತಪ್ಪಿಸುತ್ತಾನೆ. ಮುಖ್ಯೋಪಾಧ್ಯಾಯರಿಗೆ ತಾನೇ ಹೇಳುವೆನೆಂದು ಊರಿನ ವೈದ್ಯನೊಬ್ಬ ಅವನಿಗೆ ಭರವಸೆ ಕೊಡುತ್ತಾನೆ. ಬಾಲಕ ಅದನ್ನು ನಂಬುತ್ತಾನೆ. ವೈದ್ಯ ಮಾತನ್ನು ನಡೆಸುವುದಿಲ್ಲ. ಬೆತ್ತ ಮತ್ತೆ ಎದುರಾದಾಗ ಸ್ವಾಮಿ ಅದನ್ನು ಕಸಿದು ಕಿಟಕಿಯಿಂದಾಚೆ ಎಸೆದು ಓಡುತ್ತಾನೆ.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಸ್ವಾಮಿ ಮನೆಗೆ ಹೋಗಲಿಲ್ಲ, ಏಕೆಂದರೆ ಎರಡನೆಯ ಶಾಲೆಯನ್ನೂ ಕಳೆದುಕೊಂಡ ಮಗನನ್ನು ತಂದೆ ಹೇಗೆ ಎದುರುಗೊಂಡಾನೆಂಬುದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಅವನು ಭಾವಿಸಿದ್ದನು. ಅವನನ್ನು ಕಾಡಿಗೆ ಅಟ್ಟಿದ್ದು ಹೊಳೆಯ ಸೆಳವಲ್ಲ, ಮೃಗದ ಭಯವಲ್ಲ. ಬೆತ್ತ, ಹಿರಿಯನೊಬ್ಬನ ಹುಸಿಮಾತು ಮತ್ತು ಮನೆಯ ಬಾಗಿಲು ತನಗೆ ತೆರೆದಿಲ್ಲವೆಂಬ ಭಾವನೆ. ಕೃತಿಯಲ್ಲಿ ಅಪಾಯವೆಂಬುದು ಬಯಲಿನಿಂದ ಬರದೆ ನೆರಳಿನಿಂದಲೇ ಬಂದಿದೆ. ಇದನ್ನು ಓದಿಯೂ ‘ಎಂಥ ಸೊಗಸಾದ ಬಾಲ್ಯ!’ ಎನ್ನುವವರು ಕೃತಿಯ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆಂದು ಹೇಳಬೇಕಾಗುತ್ತದೆ.

ಹಾಗೆಂದು ನಾರಾಯಣರು ಆ ತಂದೆಯನ್ನು ಕ್ರೂರಿಯಾಗಿ ಚಿತ್ರಿಸಿಲ್ಲ. ಧರ್ಮಪಾಠದ ಉಪಾಧ್ಯಾಯ ಮಗನ ಮೇಲೆ ಕೈಮಾಡಿದಾಗ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ಪ್ರತಿಭಟಿಸಿದವನು ಇದೇ ತಂದೆ. ಮಗ ಕಾಣೆಯಾದ ರಾತ್ರಿ ನದಿಯ ನೀರಿನಂಚಿನಲ್ಲಿ, ರೈಲುಹಳಿಗಳ ಮೇಲೆ, ಏನನ್ನು ಕಾಣಬಾರದೋ ಅದನ್ನೇ ಹುಡುಕುತ್ತ ನಡೆದವನೂ ಇದೇ ತಂದೆ. ಇಡೀ ಕೃತಿಯಲ್ಲಿ ಇದಕ್ಕಿಂತ ಹೃದಯವಿದ್ರಾವಕವಾದ ಪ್ರಸಂಗವಿಲ್ಲ. ಅವನಲ್ಲಿ ವಾತ್ಸಲ್ಯಕ್ಕೆ ಕೊರತೆಯಿರಲಿಲ್ಲ. ಆ ವಾತ್ಸಲ್ಯ ಮಗನಿಗೆ ತಿಳಿಯುವ ಭಾಷೆಯಲ್ಲಿ ಇರಲಿಲ್ಲ. ನಮ್ಮ ಪೈಕಿ ಎಷ್ಟು ಜನರ ತಂದೆಯರು ಹೀಗೆಯೇ ಇದ್ದರೆಂಬುದನ್ನು ತಾವೇ ನೆನೆಯಿರಿ.

ಇದೇ ಲೇಖಕರ ‘ಎ ಹೀರೋ’ ಎಂಬ ಸಣ್ಣಕಥೆಯನ್ನೂ ಇದರೊಡನೆ ಇಟ್ಟು ನೋಡಬೇಕು. ಹಳ್ಳಿಯ ಹುಡುಗನೊಬ್ಬ ಹುಲಿಯೊಡನೆ ಹೋರಾಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಸ್ವಾಮಿಯನ್ನು ಆ ರಾತ್ರಿ ತನ್ನ ಕಚೇರಿಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಭಯದಿಂದ ಬೆಂಚಿನಡಿ ಅವಿತ ಬಾಲಕ, ಕತ್ತಲೆಯಲ್ಲಿ ಬಂದ ಆಕೃತಿಯನ್ನು ಭೂತವೆಂದು ಬಗೆದು ಅದರ ಕಾಲನ್ನು ಕಚ್ಚುತ್ತಾನೆ, ಸಿಕ್ಕಿಬಿದ್ದವನು ಕಳ್ಳ. ಊರೇ ಅವನನ್ನು ವೀರನೆಂದು ಹೊಗಳುತ್ತದೆ. ವೀರನೋ ಮರುರಾತ್ರಿ ಮತ್ತೆ ಅಜ್ಜಿಯ ಮಗ್ಗುಲಲ್ಲೇ! ತಾಯಿ ಮಗನ ಪರ ವಾದಿಸುತ್ತಾಳೆ. ನೀವೇ ಅವನನ್ನು ಕೆಡಿಸುವವರೆಂದು ತಂದೆ ಗೊಣಗುತ್ತಾನೆ.

ಈ ಕಥೆಯನ್ನು ನಗುತ್ತ ಓದಿ ಮುಗಿಸುವುದು ಸುಲಭ. ಆದರೆ ಇದರಲ್ಲಿ ಅಡಗಿರುವ ಸತ್ಯವೊಂದು ನಮ್ಮ ಚರ್ಚೆಗೆ ಬೇಕಾದುದು. ಮಕ್ಕಳನ್ನು ಬಿಗಿಯಾಗಿ ಬೆಳೆಸಬೇಕೋ, ಮಡಿಲಲ್ಲಿಟ್ಟು ಬೆಳೆಸಬೇಕೋ ಎಂಬ ವಾದ ಹಳೆಯ ತಲೆಮಾರಿಗೂ ಹೊಸ ತಲೆಮಾರಿಗೂ ನಡುವೆ ಈಗ ಹುಟ್ಟಿದ್ದಲ್ಲ. ಅದು ಅಂದೂ ಒಂದೇ ಮನೆಯ ಅಡುಗೆಮನೆಗೂ ಕಚೇರಿಕೋಣೆಗೂ ನಡುವೆ ನಡೆಯುತ್ತಲೇ ಇತ್ತು. ಅಂದು ಗಂಡಸರ ಪಕ್ಷದ ಮಾತೇ ‘ಕಾಲದ ಪದ್ಧತಿ’ ಎನಿಸಿಕೊಂಡಿತು. ಅಜ್ಜಿಯ ಪಕ್ಷ ದಾಖಲೆಯಾಗಲಿಲ್ಲ. ಇಂದು ಮನಶ್ಶಾಸ್ತ್ರವೆಂಬ ಹೆಸರಿನಲ್ಲಿ ನಮ್ಮ ಮಕ್ಕಳು ಹೇಳುವುದರಲ್ಲಿ ಬಹುಭಾಗ ಆ ಅಜ್ಜಿಗೆ ತಿಳಿದೇ ಇತ್ತು.

ಕೃತಿಯ ಒಂದು ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಸ್ವಾಮಿಯ ಆಟದ ಬಯಲಿನಲ್ಲಿ ಹೆಣ್ಣುಮಕ್ಕಳಿಲ್ಲ. ಗಾಡಿ ಹೊಡೆದುಕೊಂಡು ಬರುವ ಹಳ್ಳಿಯ ಹುಡುಗನೊಬ್ಬ ಬರುತ್ತಾನೆ. ಸ್ವಾಮಿಯೂ ಗೆಳೆಯರೂ ತಾವು ಸರ್ಕಾರದ ಪೊಲೀಸರೆಂದು ಅವನನ್ನು ಗದರಿಸಿ ವಿನೋದಪಡುತ್ತಾರೆ. ಅವನು ಸ್ವಾಮಿಯಂತೆ ಶಾಲೆಯಲ್ಲಿರಬೇಕಾದವನಲ್ಲವೇ ಎಂಬ ಪ್ರಶ್ನೆ ಕಥೆಯಲ್ಲಿ ಯಾರಿಗೂ ಏಳುವುದಿಲ್ಲ. ‘ನಮ್ಮ ಕಾಲದ ಬಾಲ್ಯ’ ಎಂದು ನಾವು ಹೇಳುವಾಗ ಯಾರ ಬಾಲ್ಯವೆಂದು ಕೇಳಿಕೊಳ್ಳುವುದು ಒಳ್ಳೆಯದು. ‘ನಾವು ಬದುಕಲಿಲ್ಲವೇ?’ ಎಂಬ ವಾದವೂ ಇಂಥದೇ. 1930ರ ಸುಮಾರಿನಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 150ಕ್ಕೂ ಹೆಚ್ಚು ಶಿಶುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಬದುಕಿ ಉಳಿದವರಷ್ಟೇ ‘ಬದುಕಿದೆವು’ ಎಂದು ಹೇಳಬಲ್ಲರು.

ಹೊಸ ತಲೆಮಾರಿನ ರೀತಿ ನಿರ್ದೋಷವೆಂದು ನಾನು ವಾದಿಸುತ್ತಿಲ್ಲ. ಇದನ್ನು ಮೊದಲು ಕಂಡವರಲ್ಲಿ ನಾರಾಯಣರೂ ಒಬ್ಬರು. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಅವರು 1989ರಲ್ಲಿ ತಮ್ಮ ಭಾಷಣವನ್ನು ಮಕ್ಕಳ ಬೆನ್ನಿನ ಪುಸ್ತಕದ ಹೊರೆಗೆ ಮೀಸಲಿಟ್ಟರು. ಅನಂತರ ಪ್ರೊಫೆಸರ್ ಯಶಪಾಲ್ ಸಮಿತಿ ನೇಮಕವಾಗಿ 1993ರಲ್ಲಿ ವರದಿ ಬಂದಿತು. ಹೊರೆ ಮಾತ್ರ ಇಳಿದಿಲ್ಲ. ಇಂದಿನ ಬಾಲಕ ಬೆತ್ತವನ್ನು ಕಂಡಿಲ್ಲ. ಆದರೆ ಹೊಳೆಯ ದಂಡೆಯನ್ನೂ ಕಂಡಿಲ್ಲ. ವಾಹನಗಳಿಂದ ಕಿಕ್ಕಿರಿದ ಬೀದಿಗೆ ಮಗುವನ್ನು ಒಂಟಿಯಾಗಿ ಬಿಡಲು ತಾಯಿ ಅಂಜುವುದು ಸಹಜ. ಕಾಡಿನಂಚಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ ಸ್ವಾಮಿಯನ್ನು ಕಂಡು ಎತ್ತಿಕೊಂಡು ಹೋಗಿ ಅರಣ್ಯಾಧಿಕಾರಿಗೆ ಒಪ್ಪಿಸಿದವನು ಒಬ್ಬ ಬಡ ಗಾಡಿಯವ. ಅಂಥ ಅಪರಿಚಿತ ಆಪ್ತನನ್ನು ನಂಬುವ ಧೈರ್ಯವನ್ನು ನಾವು ಕಳೆದುಕೊಂಡಿದ್ದೇವೆ. ಇದು ನಿಜವಾದ ನಷ್ಟ. ಇದಕ್ಕಾಗಿ ಹಿರಿಯರು ಮರುಗುವುದು ನ್ಯಾಯವೇ.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಬೆಳೆದವರು. ನಾನೂ ಅಂಥ ಒಂದು ನಿಲಯದ ಋಣದಲ್ಲಿರುವವನು. ಅಲ್ಲಿಯ ಅನ್ನ, ಬೆಳಗಿನ ಪ್ರಾರ್ಥನೆ, ಓದಿನ ಶಿಸ್ತು ನನ್ನನ್ನು ಮನುಷ್ಯನನ್ನಾಗಿ ಮಾಡಿದವು. ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂಬುದೂ ಅಲ್ಲಿ ನಡೆಯುತ್ತಿತ್ತು. ಜ್ವರದಿಂದ ಮಲಗಿದ್ದ ಸಹಪಾಠಿಯೊಬ್ಬ ಪ್ರಾರ್ಥನೆ ತಪ್ಪಿಸಿದನೆಂದು ಏಟು ತಿಂದನು. ಮರುದಿನ ನಿಲಯ ಬಿಟ್ಟು ಹೋದವನು ಮತ್ತೆ ಬರಲಿಲ್ಲ. ಅವನ ಓದು ಅಲ್ಲಿಗೇ ನಿಂತಿತು. ನಾವು ನಲವತ್ತು ಹುಡುಗರಿದ್ದೆವು. ಅವನಿಗೆ ಜ್ವರವಿತ್ತೆಂದು ನಮಗೆಲ್ಲರಿಗೂ ಗೊತ್ತಿತ್ತು, ಒಬ್ಬರೂ ಹೇಳಲಿಲ್ಲ. ನಾನು ಮನೆಯಲ್ಲಿಯೂ ಹೇಳಲಿಲ್ಲ. ಹೇಳಿದ್ದರೆ ನನಗೇ ಏಟು ಬೀಳುತ್ತಿತ್ತು. ‘ಬೆತ್ತದಿಂದಲೇ ಮುಂದೆ ಬಂದೆವು’ ಎಂದು ನಮ್ಮ ಹಳೆಯ ವಿದ್ಯಾರ್ಥಿಗಳ ಕೂಟಗಳಲ್ಲಿ ನಗುತ್ತ ಹೇಳುವಾಗ ಆ ಗೆಳೆಯ ಅಲ್ಲಿರುವುದಿಲ್ಲ ಎಂಬುದನ್ನು ಈ ಓದಿನ ಅನಂತರವೇ ನಾನು ಗಮನಿಸಿದೆ.

ಇಂದು ಕಾನೂನು ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದನ್ನು ಬಲ್ಲವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಇವುಗಳನ್ನು ಹೊರಗಿನವರ ಸಂಶಯವೆಂದು ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಗುರುಸ್ಥಾನದ ಮೇಲೆ ಶ್ರದ್ಧೆಯಿರುವಲ್ಲಿ ನಿಯಮಗಳೇಕೆ ಎಂದು ಅವರು ಕೇಳುತ್ತಾರೆ. ಅವರೊಡನೆ ನನ್ನ ಅರಿಕೆ ಇಷ್ಟೇ: ದೊಡ್ಡವರಲ್ಲಿ ಶ್ರದ್ಧೆ ಹೆಚ್ಚಿದ್ದಷ್ಟೂ ಮಗುವಿಗೆ ಬಾಯಿಬಿಡುವುದು ಕಷ್ಟವಾಗುತ್ತದೆ. ಆದ್ದರಿಂದ ಶ್ರದ್ಧಾಕೇಂದ್ರಗಳಿಗೇ ಈ ನಿಯಮಗಳು ಹೆಚ್ಚು ಅಗತ್ಯ. ಒಂದು ಮನೆಯಾಗಲಿ ನಿಲಯವಾಗಲಿ ಸುರಕ್ಷಿತವೋ ಅಲ್ಲವೋ ಎಂಬುದನ್ನು ಗೋಡೆಯ ಎತ್ತರದಿಂದ ಅಳೆಯಲಾಗದು; ತಪ್ಪು ಮಾಡಿದ ಮಗು, ತಪ್ಪಿಗೆ ಗುರಿಯಾದ ಮಗು ಅಂಜದೆ ಬಂದು ಹೇಳಬಲ್ಲುದೇ ಎಂಬುದರಿಂದ ಅಳೆಯಬೇಕು.

ವಾಚಕರೇ, ತಾವೂ ಆ ಹಳೆಯ ಕಾದಂಬರಿಯನ್ನು ಮತ್ತೊಮ್ಮೆ ಓದಿರಿ. ಸಾಧ್ಯವಾದರೆ ಮನೆಯ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ. ಅದು ನಡುವೆ ಏನಾದರೂ ಕೇಳಿದರೆ ಪುಸ್ತಕವನ್ನು ಮುಚ್ಚಿಟ್ಟು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಿರಿ.