ಡಿಗ್ರಿಗೆ ಸಿಲುಕಿದ ಬೆನ್ನುನೋವು

ಅಳತೆ ಎಷ್ಟು ನಿಖರ ಎಂಬುದು ಪ್ರಯೋಗಶಾಲೆಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ಅಮೆರಿಕದ ಮಾಜಿ ಯೋಧರಿಗೆ ಅದು ಪ್ರತಿ ತಿಂಗಳ ಪರಿಹಾರ ಧನದ ಪ್ರಶ್ನೆ. ಸೇವೆಯಿಂದ ಉಂಟಾದ ಬೆನ್ನು ಮತ್ತು ನರದ ತೊಂದರೆಗಳಿಗೆ ಅಲ್ಲಿನ ಮಾಜಿ ಯೋಧರ ಇಲಾಖೆ ಶೇಕಡಾ ಲೆಕ್ಕದಲ್ಲಿ ಅಂಗವೈಕಲ್ಯವನ್ನು ನಿಗದಿಪಡಿಸುತ್ತದೆ. ಈ ಪದ್ಧತಿಯನ್ನು ಮಾಪನದ ದೃಷ್ಟಿಯಿಂದ ಪರಿಶೀಲಿಸೋಣ.

2003ರಲ್ಲಿ ಜಾರಿಗೆ ಬಂದ ಸೂತ್ರದ ಪ್ರಕಾರ ಸೊಂಟ ಮುಂದಕ್ಕೆ ಬಾಗುವ ಸಹಜ ಮಿತಿ 90 ಡಿಗ್ರಿ. ಅದು 60ನ್ನು ಮೀರಿ 85ರೊಳಗಿದ್ದರೆ ಶೇ. 10, 30ನ್ನು ಮೀರಿ 60ರೊಳಗಿದ್ದರೆ ಶೇ. 20, 30 ಅಥವಾ ಅದಕ್ಕೂ ಕಡಿಮೆಯಿದ್ದರೆ ಶೇ. 40. ಕೋನಮಾಪಕದಿಂದ ಅಳೆದು, ಹತ್ತಿರದ 5 ಡಿಗ್ರಿಗೆ ಪೂರ್ಣಗೊಳಿಸಬೇಕು. ಊಹೆಗಿಂತ ಉಪಕರಣ ಮೇಲು, ನಿಜ. ಆದರೆ ಗಮನಿಸಿ: 32 ಡಿಗ್ರಿ 30 ಆಗುತ್ತದೆ, 33 ಡಿಗ್ರಿ 35 ಆಗುತ್ತದೆ. ಒಂದೇ ಡಿಗ್ರಿಯಿಂದ ಶೇ. 40 ಅರ್ಧಕ್ಕೆ ಇಳಿಯಿತು! ಒಬ್ಬನನ್ನೇ ಇಬ್ಬರು ಅಳೆದರೆ ಕೆಲವು ಡಿಗ್ರಿ ವ್ಯತ್ಯಾಸ ಬರುವುದು ಸಾಮಾನ್ಯ. ಬೆನ್ನು ಬಾಗುವ ಪ್ರಮಾಣ ಬೆಳಿಗ್ಗೆಗೂ ಸಂಜೆಗೂ ಒಂದೇ ಆಗಿರದು. ನೋವು ಉಲ್ಬಣಿಸಿದಾಗ ಆಗುವ ಚಲನೆಯ ನಷ್ಟವನ್ನೂ ಸಾಧ್ಯವಾದಷ್ಟು ಡಿಗ್ರಿಗಳಲ್ಲಿ ಹೇಳಬೇಕೆಂದು ನ್ಯಾಯಾಲಯ 1995ರ ಡಿಲೂಕಾ ಪ್ರಕರಣದಲ್ಲಿ ಸೂಚಿಸಬೇಕಾಯಿತು.

ನರದ ವಿಷಯದಲ್ಲಿ ತೊಡಕು ಬೇರೆ. ತೊಡೆಯ ಹಿಂಭಾಗದಲ್ಲಿ ಇಳಿಯುವ ಸಯಾಟಿಕ್ ನರದ ಅಪೂರ್ಣ ಪಾರ್ಶ್ವವಾಯು ‘ಅಲ್ಪ’ವಾದರೆ ಶೇ. 10, ‘ಸಾಧಾರಣ’ವಾದರೆ 20, ‘ಸಾಧಾರಣಕ್ಕಿಂತ ತೀವ್ರ’ವಾದರೆ 40. ಈ ಪದಗಳಿಗೆ ಸಂಖ್ಯಾತ್ಮಕ ವ್ಯಾಖ್ಯೆಯಿಲ್ಲ. ಒಂದೆಡೆ ಅತಿಯಾದ ನಿಖರತೆಯ ಭ್ರಮೆ, ಇನ್ನೊಂದೆಡೆ ಅಳತೆಗೋಲೇ ಇಲ್ಲ.

ಕೊನೆಗೆ ಎರಡನ್ನೂ ಸೇರಿಸುವ ಕ್ರಮ. ಬೆನ್ನಿಗೆ 40, ನರಕ್ಕೆ 20 ಎಂದಿದ್ದರೆ ಮೊತ್ತ 60 ಅಲ್ಲ. ಉಳಿದ ಸಾಮರ್ಥ್ಯ 0.6 × 0.8 = 0.48; ನಷ್ಟ ಶೇ. 52, ಹತ್ತರ ಗುಣಕಕ್ಕೆ ತಂದರೆ 50. ಎರಡು ಶೋಧಕಗಳ ಮೂಲಕ ಹಾಯುವ ಬೆಳಕಿನ ಲೆಕ್ಕವೇ ಇದು. ಮೊತ್ತ ನೂರನ್ನು ಮೀರದು ಎಂಬುದು ಇದರ ಗುಣ. ಆದರೆ ಒಂದು ಶೋಧಕ ಇನ್ನೊಂದರ ಗುಣವನ್ನು ಬದಲಿಸದು. ಇಲ್ಲಿ ಹಾಗಲ್ಲ. ಜಾರಿದ ಒಂದೇ ಬೆನ್ನೆಲುಬಿನ ಬಿಲ್ಲೆ ಬೆನ್ನನ್ನೂ ಕಾಲನ್ನೂ ಒಟ್ಟಿಗೆ ಬಾಧಿಸಬಹುದು. ಬಾಗಲಾರದವನು ಕುಳಿತೇ ಕೆಲಸ ಮಾಡಬಹುದು. ಕಾಲಿನ ನೋವು ಕುಳಿತುಕೊಳ್ಳಲೂ ಬಿಡದಿದ್ದರೆ? ಆ ನಷ್ಟ ಗುಣಾಕಾರಕ್ಕೆ ಸಿಗದು.

ಹಾಗಾದರೆ ಪರಿಹಾರ? ಸಮರ್ಥನೀಯ ಸಂದೇಹವಿದ್ದಾಗ ಅದರ ಲಾಭ ಅರ್ಜಿದಾರನಿಗೆ ಸಲ್ಲಬೇಕೆಂಬ ನಿಯಮ ಆ ಪದ್ಧತಿಯಲ್ಲೇ ಇದೆ. ಪ್ರತಿ ಅಳತೆಯ ಜೊತೆ ಅದರ ಅನಿಶ್ಚಿತತೆಯನ್ನೂ ಬರೆಯಲಿ. ಗಡಿ ಆ ವ್ಯಾಪ್ತಿಯೊಳಗೆ ಬಿದ್ದರೆ ಯೋಧನ ಪರವಾಗಿ ತೀರ್ಮಾನವಾಗಲಿ. ದೋಷದ ಅಂದಾಜಿಲ್ಲದ ಅಳತೆ ಅಪೂರ್ಣವೆಂದು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಒಬ್ಬನ ಬದುಕು ಅದರ ಮೇಲೆ ನಿಂತಿರುವಾಗ ಆ ಪಾಠ ಇನ್ನಷ್ಟು ಅಗತ್ಯ.